ಮಸ್ಕತ್ತಿನಲ್ಲಿ ಗಾಳಿ ತೂಗಿದ ವರ್ಷಗಳು

ಶಿರ್ವದಲ್ಲಿ ನನ್ನ ಅತ್ತೆ ನೆರೆಕರೆಯವರಿಗೆ ನನ್ನ ಉದ್ಯೋಗದ ಬಗ್ಗೆ ಹೇಳುತ್ತಿದ್ದುದು ಒಂದೇ ಮಾತು: "ನಮ್ಮ ಲಿಲ್ಲಿ ಮಸ್ಕತ್ತಿನಲ್ಲಿ ಗಾಳಿ ತೂಗುತ್ತಾಳೆ." ಕೇಳಿದವರು ನಗುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ಗಾಳಿ ತೂಗಿದರೂ ಸಂಬಳ ಕೊಡುವ ದೇಶವೊಂದಿದೆ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಅವರು ಹೇಳಿದ್ದು ತಪ್ಪೂ ಅಲ್ಲ. ಈಗ ನನ್ನ ತಂಗಿಯ ಮಗಳು ಪರಿಸರ ವಿಜ್ಞಾನ ಓದಿ ಇದೇ ಕೆಲಸಕ್ಕೆ ಸೇರಿದ್ದಾಳೆ. "ಮಾವ್ಶಿ, ಕಂಪ್ಯೂಟರ್ ಇಲ್ಲದೆ ನೀವೆಲ್ಲ ಎಂತ ಅಳೀತಿದ್ರಿ?" ಎಂದು ಕೇಳಿದಳು. ಅವಳಿಗೆ ಬಾಯಿಮಾತಿನಲ್ಲಿ ಹೇಳಹೊರಟರೆ ನಡುವೆ ಅವಳ ಫೋನು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಮಸ್ಕತ್ತಿಗೆ ಹೋದದ್ದು ಹೆಂಡತಿಯಾಗಿ, ಕೆಲಸಕ್ಕೆಂದು ಅಲ್ಲ. ನನ್ನ ಯಜಮಾನರು ಫ್ರಾನ್ಸಿಸ್ ಒಂದು ಶಿಪ್ಪಿಂಗ್ ಆಫೀಸಿನಲ್ಲಿದ್ದರು. ನನ್ನಲ್ಲಿ ಕೆಮಿಸ್ಟ್ರಿಯ ಬಿ.ಎಸ್ಸಿ. ಇತ್ತು, ಮಗಳನ್ನು ಶಾಲೆಗೆ ಬಿಟ್ಟ ಮೇಲೆ ಉದ್ದನೆಯ ಮಧ್ಯಾಹ್ನಗಳಿದ್ದವು. ಅಲ್ ಖುವೈರಿನಲ್ಲಿ ಒಂದು ಖಾಸಗಿ ಲ್ಯಾಬ್ ಹೊಸದಾಗಿ ಶುರುವಾಗಿ, ಸರಕಾರಕ್ಕಾಗಿ ಊರಿನ ಗಾಳಿಯನ್ನು ಪರೀಕ್ಷಿಸುವ ಕೆಲಸ ಹಿಡಿದಿತ್ತು. ಅಲ್ಲಿ ಸೇರಿಕೊಂಡೆ. ಆಗ ಅಲ್ ಖುವೈರ್ ಎಂದರೆ ಒಂದಿಷ್ಟು ಸಚಿವಾಲಯದ ಕಟ್ಟಡಗಳು, ನಡುನಡುವೆ ಬಯಲು, ಬಯಲಿನಲ್ಲಿ ಆಡುಗಳು. ಹೆದ್ದಾರಿಯನ್ನು ನಡೆದೇ ದಾಟಬಹುದಿತ್ತು. ನಾನು ಬಿಟ್ಟು ಬರುವ ಕಾಲಕ್ಕೆ ಅದೇ ಹೆದ್ದಾರಿ ದಾಟಲು ಟ್ಯಾಕ್ಸಿ ಹಿಡಿಯಬೇಕಾಗಿತ್ತು. ನಮ್ಮ ವೃತ್ತಿಯ ಇಡೀ ಚರಿತ್ರೆ ಈ ಎರಡು ವಾಕ್ಯಗಳಲ್ಲಿ ಮುಗಿಯಿತು ಎನ್ನಬಹುದು.

ಕೆಲಸ ಹೀಗಿತ್ತು. ಹಕ್ಕಿಗೂಡಿನಂತೆ ಪುಟ್ಟ ಮಾಡು ಇರುವ ಒಂದು ತಗಡಿನ ಪೆಟ್ಟಿಗೆ. ಒಳಗೆ ಗಾಳಿ ಎಳೆಯುವ ಮೋಟಾರು, ಅದರ ಮೇಲೆ ಬಿಳಿಯ ಫಿಲ್ಟರ್ ಕಾಗದ. ಒಂದು ಹಗಲು ಒಂದು ರಾತ್ರಿ ಮೋಟಾರು ಓಡಬೇಕು, ಗಾಳಿಯಲ್ಲಿರುವುದೆಲ್ಲ ಕಾಗದದ ಮೇಲೆ ಕೂರಬೇಕು. ಮೊದಲು ಕಾಗದ ತೂಗಿ ಇಟ್ಟಿರುತ್ತೇವೆ, ಆಮೇಲೆ ಪುನಃ ತೂಗುತ್ತೇವೆ. ಹೆಚ್ಚಾದದ್ದೇ ಧೂಳು, ಹೊಗೆ, ಮಸಿ. ಆಮೇಲೆ ಕಾಗದದ ತುಂಡನ್ನು ಆ್ಯಸಿಡ್ಡಿನಲ್ಲಿ ಕರಗಿಸಿ ಅದರಲ್ಲಿ ಸೀಸ ಎಷ್ಟಿದೆ ಎಂದು ನೋಡುತ್ತಿದ್ದೆವು. ಅನಿಲಗಳಿಗೆ ಬೇರೆ ಉಪಾಯ. ಗಾಜಿನ ಕೊಳವೆಯಲ್ಲಿ ಒಂದು ದ್ರಾವಣ, ಅದರೊಳಗೆ ಗಾಳಿ ಗುಳುಗುಳು ಎಂದು ಹಾಯಬೇಕು, ಗಾಳಿ ಕೆಟ್ಟಿದ್ದರೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಾಲಿನ್ಯಕ್ಕೆ ಅಷ್ಟು ಚಂದದ ಬಣ್ಣ ಏಕೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಮ್ಮ ಮುಖ್ಯಸ್ಥರು ಹೆನ್ರಿಕ್. ಫಿನ್ಲೆಂಡಿನವರು, ಎತ್ತರದ ಆಸಾಮಿ, ಬಿಸಿಲಿಗೆ ಸದಾ ಕೆಂಪು ಮೂಗು. ಚಳಿದೇಶದ ದೊಡ್ಡ ಊರುಗಳ ಹೊಗೆಯನ್ನು ವರ್ಷಗಟ್ಟಲೆ ಅಳೆದವರು. ಪೆಟ್ಟಿಗೆಗಳನ್ನೂ ಅವರೇ ಅಲ್ಲಿಂದ ತರಿಸಿದ್ದರು. ಬಿಚ್ಚಿ ನೋಡಿದರೆ ಒಳಗೆ ದ್ರಾವಣ ಹೆಪ್ಪುಗಟ್ಟದಂತೆ ಹೀಟರು! ತಂಪು ಮಾಡುವ ವ್ಯವಸ್ಥೆ ಮಾತ್ರ ಇಲ್ಲ. ಮೊದಲ ಜೂನ್ ತಿಂಗಳಲ್ಲಿ ಕೊಳವೆಗಳನ್ನು ತರಲು ಪೆಟ್ಟಿಗೆ ಇಟ್ಟಿದ್ದ ಮಹಡಿಗೆ ಹತ್ತಿದರೆ ದ್ರಾವಣ ಒಣಗಿ ತಳದಲ್ಲಿ ಬರೇ ಕಲೆ ಉಳಿದಿತ್ತು. ಹೆನ್ರಿಕ್ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು, ಹೀಟರ್ ನೋಡಿದರು, ನನ್ನನ್ನು ನೋಡಿದರು. "ಲಿಲ್ಲಿ, ಇದನ್ನು ಮಾಡಿದವರು ನಮ್ಮ ಊರಿನ ಬುದ್ಧಿವಂತರು" ಎಂದು ಹೇಳಿ ಮೆಟ್ಟಿಲ ಮೇಲೆ ಕುಳಿತು ನಕ್ಕರು. ಮರುದಿನದಿಂದ ಪೆಟ್ಟಿಗೆಗಳಿಗೆ ಒದ್ದೆ ಗೋಣಿ ಸುತ್ತಿದೆವು. ತನ್ನ ತಪ್ಪಿಗೆ ತಾನೇ ನಗುವ ಮೇಲಧಿಕಾರಿ ಸಿಕ್ಕಿದರೆ ಬಿಡಬೇಡ ಎಂದು ತಂಗಿಯ ಮಗಳಿಗೆ ಹೇಳಿದ್ದೇನೆ.

ಧೂಳಿನ ಲೆಕ್ಕವೂ ಹಾಗೆಯೇ ಆಯಿತು. ಚಳಿದೇಶಗಳ ಮಿತಿಯನ್ನು ಇಟ್ಟು ನೋಡಿದರೆ ಮರುಭೂಮಿಯ ಗಾಳಿ ಬೀಸಿದ ಪ್ರತಿದಿನವೂ ಅಪಾಯದ ದಿನವೇ. ಹೆನ್ರಿಕ್ ಗಾಬರಿಯಿಂದ ಸಚಿವಾಲಯಕ್ಕೆ ವರದಿ ಕೊಂಡುಹೋದರು. ಅಲ್ಲಿ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ಅಧಿಕಾರಿ ನಾಸಿರ್ ಮಸ್ಕತ್ತಿನವರೇ. ಬಾಲ್ಯದಲ್ಲಿ ಬೊಂಬಾಯಿಯಲ್ಲಿ ಇದ್ದುದರಿಂದ ಹಿಂದಿ ನೀರು ಕುಡಿದಷ್ಟು ಸುಲಭ. ವರದಿ ಓದಿ ಹೇಳಿದರು: "ಇದು ನನ್ನ ಅಜ್ಜನ ಕಾಲದ ಧೂಳು, ಹೆನ್ರಿಕ್. ಇದಕ್ಕೆ ನೋಟೀಸು ಕೊಡಲಿಕ್ಕೆ ಆಗುವುದಿಲ್ಲ. ನಾವು ಹೊಸದಾಗಿ ಮಾಡಿದ್ದು ಯಾವುದು, ಅದನ್ನು ಹುಡುಕಿ ಕೊಡಿ." ನನಗೆ ವೃತ್ತಿ ಕಲಿಸಿದ ಮಾತು ಇದು. ಮರಳು ಯಾವುದು, ಮಸಿ ಯಾವುದು ಎಂದು ಬೇರ್ಪಡಿಸುವುದೇ ಆ ಮೇಲೆ ನಮ್ಮ ಮುಖ್ಯ ಕೆಲಸವಾಯಿತು.

ಅದಕ್ಕೆ ಹೋಲಿಸಿ ನೋಡಲು ಕಾರುಗಳಿಲ್ಲದ, ಶುದ್ಧ ಗಾಳಿಯ ಒಂದು ಜಾಗ ಬೇಕಿತ್ತು. ನಾಸಿರ್ ಒಳನಾಡಿನ ಇಬ್ರಾ ಎಂಬ ಊರಿನ ಹತ್ತಿರ ತಮ್ಮ ಸಂಬಂಧಿಕರೊಬ್ಬರ ಮನೆಯ ತಾರಸಿ ಕೊಡಿಸಿದರು. ಸುತ್ತ ಖರ್ಜೂರದ ತೋಟ, ರಸ್ತೆ ಎಷ್ಟೋ ದೂರ. ಮೊದಲ ಸಲ ಕಾಗದ ಬಂದಾಗ ನಮಗೆ ನಂಬಲಾಗಲಿಲ್ಲ. ಮಸ್ಕತ್ತಿನ ಹೆದ್ದಾರಿಯ ಕಾಗದಕ್ಕಿಂತಲೂ ಕಪ್ಪು! ಮುಂದಿನ ವಾರವೂ ಅದೇ. ಹೆನ್ರಿಕ್ ಮೋಟಾರು ಬದಲಿಸಿದರು, ಪೆಟ್ಟಿಗೆ ತೊಳೆಸಿದರು, ಎಲ್ಲಿಯಾದರೂ ತೈಲ ಉರಿಯುತ್ತಿದೆಯೇ ಎಂದು ನಕ್ಷೆ ಹಿಡಿದು ತಲೆ ಕೆಡಿಸಿಕೊಂಡರು. ಒಂದು ದಿನ ಆ ಕಾಗದವನ್ನು ತಕ್ಕಡಿಗೆ ಏರಿಸುವಾಗ ನನ್ನ ಮೂಗಿಗೆ ಒಂದು ಪರಿಮಳ ಬಡಿಯಿತು. ಹಬ್ಬದ ದಿನ ಪಾದ್ರಿಗಳು ಧೂಪದ ಬಟ್ಟಲು ತೂಗಿದಾಗ ಇಗರ್ಜಿ ತುಂಬ ಬರುವ ಅದೇ ಪರಿಮಳ.

"ಸರ್, ಇದು ತೈಲ ಅಲ್ಲ. ಲೋಬಾನ" ಎಂದೆ.

ಇಬ್ರಾಕ್ಕೆ ಹೋದೆವು. ಮನೆಯ ಒಡತಿ, ವಯಸ್ಸಾದ ಅಮ್ಮ, ನಮಗೆ ಖರ್ಜೂರ ಮತ್ತು ಕಾವಾ ಎಂಬ ಅರಬಿ ಕಾಫಿ ಕೊಟ್ಟು ಕೂರಿಸಿದರು. ನಾಸಿರ್ ವಿಷಯ ತೆಗೆದಾಗ ಅವರಿಗೆ ಆಶ್ಚರ್ಯ. ಹೌದು, ಸಂಜೆ ಸಂಜೆ ಅವರು ಧೂಪದ ಕುಡಿಕೆಯನ್ನು ಪೆಟ್ಟಿಗೆಯ ಪಕ್ಕದಲ್ಲೇ ಇಡುತ್ತಿದ್ದರು. ನಾಸಿರ್ ನಗು ತಡೆಯುತ್ತಾ ಅವರ ಮಾತನ್ನು ನಮಗೆ ಹೇಳಿದರು: "ಸರಕಾರದ ಕಡೆಯಿಂದ ಮನೆಗೆ ಬಂದ ಅತಿಥಿ ಅದು. ಹಗಲು ರಾತ್ರಿ ಉಸಿರು ಎಳೆಯುತ್ತದೆ ಪಾಪ. ಒಳ್ಳೆಯ ವಾಸನೆ ಕೊಡದೆ ಇರುವುದು ಹೇಗೆ?" ಹೆನ್ರಿಕ್ ಎದ್ದು ನಿಂತು ಆ ಅಮ್ಮನಿಗೆ ಬಾಗಿ ನಮಸ್ಕರಿಸಿದರು. ಧೂಪವನ್ನು ಕೆಳಗಿನ ಅಂಗಳಕ್ಕೆ ಇಳಿಸಲು ಒಪ್ಪಿಸುವುದಕ್ಕೆ ಎರಡನೇ ಸುತ್ತಿನ ಕಾವಾ ಬೇಕಾಯಿತು. ಮನೆಗೆ ಬಂದ ಮೇಲೂ ನನ್ನ ಸೀರೆಯಲ್ಲಿ ಆ ಪರಿಮಳ ಇತ್ತು. "ಮಮ್ಮಿ, ಯು ಸ್ಮೆಲ್ ಲೈಕ್ ಕ್ರಿಸ್ಮಸ್" ಎಂದು ಮಗಳು ಅಪ್ಪಿಕೊಂಡಳು.

ಇನ್ನು ನಾನು ಮರೆಯಲಾಗದ ಚಳಿಗಾಲಕ್ಕೆ ಬರುತ್ತೇನೆ.

ನಾಲ್ಕೂ ಕಡೆ ಬೋಳುಗುಡ್ಡಗಳಿರುವ ಒಂದು ಬಡಾವಣೆಯಲ್ಲಿ, ಸಣ್ಣ ದವಾಖಾನೆಯ ಮಹಡಿಯ ಮೇಲೆ ನಮ್ಮ ಪೆಟ್ಟಿಗೆ ಇತ್ತು. ಆ ಕಾಗದದಲ್ಲಿ ಸೀಸ ಹೆದ್ದಾರಿಯ ಕಾಗದಕ್ಕಿಂತ ಎಷ್ಟೋ ಹೆಚ್ಚು ಬರತೊಡಗಿತು. ಆಗ ಪೆಟ್ರೋಲಿನಲ್ಲೇ ಸೀಸ ಇರುತ್ತಿದ್ದುದರಿಂದ ಕಾರುಗಳ ಹೊಗೆ ಎಂದುಕೊಂಡೆವು. ಆದರೆ ರಸ್ತೆ ಖಾಲಿಯಾಗಿರುವ ಶುಕ್ರವಾರವೂ ಅಷ್ಟೇ ಬಂತು. ಒಂದು ಜನವರಿ ಬೆಳಿಗ್ಗೆ ಹೆನ್ರಿಕ್ ನನ್ನನ್ನೂ ನಾಸಿರರನ್ನೂ ಕರೆದುಕೊಂಡು ಸೂರ್ಯ ಹುಟ್ಟುವ ಹೊತ್ತಿಗೆ ಆ ಗುಡ್ಡ ಹತ್ತಿದರು. ನಾನು ಊರಿನಿಂದ ತಂದಿದ್ದ ಸ್ವೆಟರನ್ನು ಹಾಕಿದ ಅಪರೂಪದ ದಿನಗಳಲ್ಲಿ ಅದೂ ಒಂದು.

ಕೆಳಗೆ ನೋಡಿದರೆ ಇಡೀ ಬಡಾವಣೆಯ ಮೇಲೆ ಹೊಗೆ ಚಾಪೆ ಹಾಸಿದಂತೆ ಮಲಗಿತ್ತು. ಮೇಲೆ ಆಕಾಶ ತಿಳಿ. ಮಸೀದಿಯ ಮಿನಾರು ಮಾತ್ರ ಆ ಚಾಪೆಯನ್ನು ತೂರಿ ಹೊರಗೆ ಬಂದಿತ್ತು.

"ನಮ್ಮ ಊರು" ಎಂದರು ಹೆನ್ರಿಕ್. ದನಿ ಬದಲಾಗಿತ್ತು. "ಜನವರಿಯಲ್ಲಿ ನಮ್ಮ ಊರು ಥೇಟ್ ಹೀಗೇ. ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ. ಹೊಗೆಗೆ ಏಳಲಿಕ್ಕೆ ಆಗುವುದಿಲ್ಲ. ಇಂಥ ದಿನ ಅಮ್ಮ ನಮ್ಮನ್ನು ಆಟಕ್ಕೆ ಬಿಡುತ್ತಿರಲಿಲ್ಲ." ಪರದೇಶದಲ್ಲಿ ಒಬ್ಬೊಬ್ಬರಿಗೆ ಒಂದೊಂದರಲ್ಲಿ ಊರು ಕಾಣುತ್ತದೆ. ಅವರಿಗೆ ಹೊಗೆಯಲ್ಲಿ ಕಂಡಿತು.

ಆಗ ನಾಸಿರ್ ಕೈ ತೋರಿಸಿದರು. ಗ್ಯಾರೇಜುಗಳ ಹಿಂದಿನ ಒಂದು ಅಂಗಳದಿಂದ ಕಪ್ಪು ಹೊಗೆಯ ಎಳೆಯೊಂದು ಎದ್ದು, ಮೇಲಿನ ಮುಚ್ಚಳಕ್ಕೆ ತಾಗಿ ಬಾಗಿ, ದವಾಖಾನೆಯ ಕಡೆ ಹರಿಯುತ್ತಿತ್ತು.

ಇಳಿದು ಅಲ್ಲಿಗೆ ಹೋದೆವು. ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಬೆಂಕಿ, ಸುತ್ತ ಒಡೆದ ಕಾರ್ ಬ್ಯಾಟರಿಗಳ ರಾಶಿ. ನಾಲ್ವರು ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು. ಮೀನಿನ ಬಲೆಗೆ ಕಟ್ಟುವ ಗುಂಡುಗಳು. ಬಿಸಿಲೇರಿದ ಮೇಲೆ ಬೆಂಕಿಯ ಮುಂದೆ ನಿಲ್ಲಲಾಗದೆಂದು ಬೆಳಿಗ್ಗೆಯೇ ಮುಗಿಸುತ್ತಿದ್ದರು. ಅವರು ಮಲಗುವ ಕೋಣೆ ಅಲ್ಲೇ, ಒಂದು ಗೋಡೆಯ ಆಚೆ. ನಾನು ಹೆನ್ರಿಕ್ಕರಿಗೆ ಏನೋ ಹೇಳುತ್ತಾ ನಡುವೆ ಕನ್ನಡದಲ್ಲಿ "ಅಯ್ಯೋ ದೇವರೇ" ಎಂದಿರಬೇಕು. ನಡುವಯಸ್ಸಿನ ಒಬ್ಬಾತ ಸಟ್ಟುಗ ಕೆಳಗಿಟ್ಟು ಬಂದ.

"ಬಾಯಮ್ಮ ನಮ್ಮ ಊರಿನವರಾ? ಎಲ್ಲಿ?"

"ಶಿರ್ವ. ನೀವು?"

"ಉಪ್ಪಿನಂಗಡಿ ಹತ್ತಿರ. ಉಮ್ಮರಬ್ಬ ಅಂತ." ಖುಷಿಯಿಂದ ಬಾಯಿ ತುಂಬ ನಕ್ಕ. "ಬನ್ನಿ, ಸುಲೈಮಾನಿ ಕುಡಿಯಿರಿ. ಹಾಲಿಲ್ಲ, ಬೇಜಾರು ಮಾಡಬೇಡಿ."

ನಗುವಾಗ ಅವನ ವಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ ಕಂಡಿತು. ಸೀಸ ಮೈಗೇರಿದವರ ವಸಡಿನಲ್ಲಿ ಅಂಥ ಗೆರೆ ಮೂಡುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಮನುಷ್ಯನ ಬಾಯಿಯಲ್ಲಿ ನೋಡಿದ್ದು ಅದೇ ಮೊದಲು. ಚಾದ ಗ್ಲಾಸನ್ನು ಕೆಳಗಿಟ್ಟೆ.

"ಹೊಟ್ಟೆನೋವು ಬರುತ್ತದಾ?" ಎಂದು ಕೇಳಿದೆ.

"ನಿಮಗೆ ಹೇಗೆ ಗೊತ್ತು? ಹಿಂಡಿದ ಹಾಗೆ ಬರ್ತದೆ. ಇಲ್ಲಿಯ ನೀರು ಸರಿ ಇಲ್ಲ ಬಾಯಮ್ಮ."

ನೀರಲ್ಲ, ಹೊಗೆ ಎಂದು ಹೇಳಿದೆ. ಆಸ್ಪತ್ರೆಗೆ ಹೋಗಿ ರಕ್ತ ತೋರಿಸಿ ಎಂದೆ. ಅವನ ನಗು ಆರಿತು. "ರಕ್ತ ತೋರಿಸಿದರೆ ಅನ್‌ಫಿಟ್ ಅಂತ ಬರೀತಾರೆ. ವೀಸಾ ಕೊಟ್ಟ ಕಫೀಲ್ ನಾಳೆಯೇ ಖಲಾಸ್ ಮಾಡಿ ಊರಿಗೆ ಕಳಿಸ್ತಾನೆ. ನಮ್ಮ ನಾಲ್ಕು ಜನರ ಅನ್ನ ಉಂಟು ಈ ಡ್ರಮ್ಮಿನಲ್ಲಿ. ನೀವು ನೋಡಿಲ್ಲ ಅಂತ ಮಾಡಿ ಬಾಯಮ್ಮ. ಊರಿನವರಲ್ವಾ?"

ಆ ದಿನ ಲ್ಯಾಬಿನಲ್ಲಿ ಹೆನ್ರಿಕ್ ವರದಿ ಬರೆಯಲು ಕುಳಿತರು. ಮೂಲ ಸಿಕ್ಕಿದೆ, ತಕ್ಷಣ ಮುಚ್ಚಿಸಬೇಕು. ಅವರ ಪಾಲಿಗೆ ಅಷ್ಟೇ. ಸಂಜೆ ಮನೆಯಲ್ಲಿ ಫ್ರಾನ್ಸಿಸರಿಗೆ ಹೇಳಿದೆ. ಅವರು ಮೀನು ಕೊಯ್ಯುತ್ತಿದ್ದವರು ಕತ್ತಿ ನಿಲ್ಲಿಸಿದರು. "ನೀವು ಬರೆದರೆ ಅವರ ವೀಸಾ ಕ್ಯಾನ್ಸಲ್. ಬರೆಯದಿದ್ದರೆ..." ಎಂದು ಹೇಳಿ ಮಾತು ಮುಗಿಸದೆ ಪುನಃ ಮೀನಿಗೆ ಕೈ ಹಾಕಿದರು. ದವಾಖಾನೆಯ ಮುಂದೆ ಕೂಸುಗಳನ್ನು ಎತ್ತಿಕೊಂಡು ಸಾಲು ನಿಲ್ಲುವ ತಾಯಂದಿರು ನನ್ನ ಕಣ್ಣ ಮುಂದೆ ಬಂದರು. ಅವರ ಪಕ್ಕದಲ್ಲೇ ಉಮ್ಮರಬ್ಬ ಚಾದ ಗ್ಲಾಸು ಹಿಡಿದು ನಿಂತಿದ್ದ.

ಮರುದಿನ ಹೆನ್ರಿಕ್ಕರ ಮೇಜಿನ ಮುಂದೆ ನಿಂತು ಹೇಳಿದೆ: "ಸರ್, ವರದಿಯಲ್ಲಿ ಮೊದಲ ಸಾಲು ಆ ನಾಲ್ಕು ಜನರ ಚಿಕಿತ್ಸೆಯದ್ದು ಇರಬೇಕು. ಮುಚ್ಚಿಸುವುದು ಆಮೇಲೆ."

"ಲಿಲ್ಲಿ, ನಾವು ಅಳೆಯುವುದು ಗಾಳಿಯನ್ನು. ಮನುಷ್ಯರನ್ನಲ್ಲ."

"ಆ ಗಾಳಿಯನ್ನು ಎಲ್ಲರಿಗಿಂತ ಹತ್ತಿರ ನಿಂತು ಉಸಿರಾಡುವವರು ಅವರು ಸರ್. ಅವರನ್ನು ಬಿಟ್ಟು ಬರೆದರೆ ನಮ್ಮ ಅಳತೆಯೇ ಅರ್ಧ."

ಹೆನ್ರಿಕ್ ಟೈಪ್‌ರೈಟರಿನಿಂದ ಹಾಳೆ ಎಳೆದು ಹೊಸದು ಹಾಕಿದರು. ನಾಸಿರ್ ಆ ವರದಿಯನ್ನು ಓದಿ ಕಡತಕ್ಕೆ ಹಾಕುವ ಮೊದಲು ಒಂದು ಕೆಲಸ ಮಾಡಿದರು. ತಾವೇ ಆ ಅಂಗಳದ ಮಾಲಿಕನ ಮನೆಗೆ ಹೋಗಿ ಅತಿಥಿಗಳನ್ನು ಕೂರಿಸುವ ಮಜ್ಲಿಸಿನಲ್ಲಿ ಕುಳಿತು ಬಹಳ ಹೊತ್ತು ಮಾತಾಡಿದರು. ಹಿಂದೆ ಬಂದು ನನ್ನೊಡನೆ ಹಿಂದಿಯಲ್ಲಿ ಹೇಳಿದರು: "ಸಿಸ್ಟರ್, ಬೆಂಕಿ ಇವತ್ತಿಗೆ ನಿಂತಿತು. ನಾಲ್ವರನ್ನೂ ಆಸ್ಪತ್ರೆಗೆ ಕಳಿಸುತ್ತಾನೆ. ಮೂವರಿಗೆ ತನ್ನ ಟಯರ್ ಅಂಗಡಿಯಲ್ಲಿ ಕೆಲಸ ಕೊಡುತ್ತಾನೆ. ನಿಮ್ಮ ಊರಿನವನ ವಿಷಯದಲ್ಲಿ ನನ್ನಿಂದ ಆಗಲಿಲ್ಲ. ಅವನ ಆರೋಗ್ಯ ಕೆಟ್ಟಿದೆ, ಗುಣವಾದ ಮೇಲೆ ಊರಿಗೆ ಕಳಿಸುತ್ತೇನೆ ಎನ್ನುತ್ತಾನೆ."

ಉಮ್ಮರಬ್ಬ ಕೆಲವು ವಾರ ಆಸ್ಪತ್ರೆಯಲ್ಲಿದ್ದ. ನಾನು ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಕೊಂಡುಹೋದೆ. ಮೊದಲ ದಿನ ಗೋಡೆಯ ಕಡೆ ತಿರುಗಿ ಮಲಗಿದ. ಪಾತ್ರೆಯನ್ನು ಅಲ್ಲೇ ಇಟ್ಟು ಬಂದೆ. ಇನ್ನೊಂದು ದಿನ ಹೋದಾಗ ಎದ್ದು ಕುಳಿತು ಪೂರ್ತಿ ಉಂಡ. ಕೈ ತೊಳೆದು ಬಂದು ಹೇಳಿದ:

"ಬಾಯಮ್ಮ, ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಹೇಳಿದರೆ ಸುಳ್ಳಾಗ್ತದೆ. ಸಿಟ್ಟು ಉಂಟು. ಆದರೆ ಹೊಟ್ಟೆನೋವು ಹೋಯ್ತು."

ತಲೆ ಆಡಿಸಿದೆ. ವಿಮಾನ ಹತ್ತುವ ಮೊದಲು ಅವನು ಟಯರ್ ಅಂಗಡಿಯವರ ಕೈಯಲ್ಲಿ ನನ್ನ ಪಾತ್ರೆಯನ್ನು ತೊಳೆದು ಕಳಿಸಿದ್ದ. ಖಾಲಿ ಪಾತ್ರೆ ಕಳಿಸಬಾರದೆಂದು ಒಳಗೆ ನಾಲ್ಕು ಖರ್ಜೂರ ಇಟ್ಟಿದ್ದ. ಕೆಲವು ವರ್ಷಗಳ ನಂತರ ಅವನು ಗುಣವಾಗಿ ದುಬೈಗೆ ಅಡಿಗೆಯ ಕೆಲಸಕ್ಕೆ ಹೋದನೆಂದು ಆ ಅಂಗಡಿಯವರೇ ಹೇಳಿದರು. ನಾನು ಅವನನ್ನು ಮತ್ತೆ ನೋಡಲಿಲ್ಲ.

ಮುಂದಿನ ಚಳಿಗಾಲ ನಾವು ಅದೇ ಗುಡ್ಡ ಹತ್ತಿದಾಗ ಹೊಗೆಯ ಚಾಪೆ ಹಾಗೆಯೇ ಇತ್ತು. ಕಾರುಗಳು ಹೆಚ್ಚುತ್ತಿದ್ದವಲ್ಲ. ಆದರೆ ಆ ಕಪ್ಪು ಎಳೆ ಇರಲಿಲ್ಲ, ಕಾಗದದಲ್ಲಿ ಸೀಸವೂ ಇಳಿದಿತ್ತು. ನಮ್ಮ ವೃತ್ತಿಯಲ್ಲಿ ಗೆಲುವೆಂದರೆ ಇಷ್ಟೇ. ಚಾಪೆಯಿಂದ ಒಂದು ಎಳೆ ತೆಗೆಯುವುದು.

ತೊಂಬತ್ತರ ದಶಕದಲ್ಲಿ ಎಲ್ಲ ಬದಲಾಯಿತು. ಎ.ಸಿ. ಕೋಣೆಯೊಳಗೆ ಕುಳಿತು ತಾನೇ ಅಳೆಯುವ ಯಂತ್ರಗಳು ಬಂದವು. ಗುಲಾಬಿ ದ್ರಾವಣ ಹೋಯಿತು, ಪರದೆಯ ಮೇಲೆ ಅಂಕಿ ಬಂತು. ಧೂಳನ್ನು ತೂಗುವುದು ಮಾತ್ರ ಉಳಿಯಿತು. ಹೆನ್ರಿಕ್ ಊರಿಗೆ ಮರಳಿದರು, ಹೋಗುವ ದಿನ ನನ್ನ ಯಜಮಾನರು ಕಟ್ಟಿಕೊಟ್ಟ ಮೀನಿನ ಉಪ್ಪಿನಕಾಯಿಯನ್ನು ಕೋಟಿನ ಕಿಸೆಯಲ್ಲೇ ಇಟ್ಟುಕೊಂಡರು. ಅವರ ಜಾಗಕ್ಕೆ ಪುಣೆಯಿಂದ ಕುಲಕರ್ಣಿ ಎಂಬವರು ಬಂದರು. ಒಮಾನಿ ಯುವಜನರಿಗೆ ಕೆಲಸ ಕಲಿಸಿ ಬಿಟ್ಟುಕೊಡುವ ಕಾಲವೂ ಬಂತು. ನನ್ನ ಕೈಕೆಳಗೆ ಬಂದವಳು ಜುವೈನಾ. ಮಸ್ಕತ್ತಿನ ಹೊರವಲಯದ ಹಳ್ಳಿಯ ಹುಡುಗಿ, ಆಗತಾನೇ ಕಾಲೇಜು ಮುಗಿಸಿದವಳು. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುವಳು, ಮಾತು ಕಡಿಮೆ. ಇವಳು ಒಬ್ಬಳೇ ನಿಭಾಯಿಸಿಯಾಳೇ ಎಂಬ ಚಿಂತೆ ನನಗೆ ಇತ್ತು.

ಅವಳ ಹಳ್ಳಿಯ ಹತ್ತಿರ ಒಂದು ಜಲ್ಲಿ ಕ್ರಷರ್ ಇತ್ತು. ಆ ಕಂಪನಿಯವರೇ ನಿಯಮದಂತೆ ನಮ್ಮಲ್ಲಿ ಗಾಳಿ ಪರೀಕ್ಷೆ ಮಾಡಿಸುತ್ತಿದ್ದರು. ಒಂದು ವರದಿಯಲ್ಲಿ ಧೂಳು ಮಿತಿ ಮೀರಿತ್ತು. ಕುಲಕರ್ಣಿಯವರು ಕೆಟ್ಟವರಲ್ಲ. ಕಂಪನಿಯಿಂದ ದಿನವೂ ಫೋನು, ಅವರಿಗೂ ಮೇಲಿನವರಿಗೆ ಉತ್ತರ ಹೇಳಬೇಕು. ಮರುಭೂಮಿಯ ಧೂಳುಗಾಳಿ ಬೀಸಿದ ದಿನದ ಅಂಕಿಯನ್ನು ವರದಿಯಿಂದ ಬಿಡಬಹುದೆಂಬ ನಿಯಮ ಇತ್ತು. ಅವರು ಪೆನ್ನಿನಿಂದ ಮಿತಿ ಮೀರಿದ ಅಂಕಿಗಳ ಮೇಲೆ ಗೆರೆ ಎಳೆದು ನಮ್ಮ ಮೇಜಿನ ಮೇಲಿಟ್ಟರು. "ಇವು ಧೂಳುಗಾಳಿಯ ದಿನಗಳು. ಬಿಟ್ಟು ಟೈಪ್ ಮಾಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಜುವೈನಾ ಹೇಳಿದಳು, "ಸರ್, ಆ ದಿನಗಳಲ್ಲಿ ಗಾಳಿಯೇ ಇರಲಿಲ್ಲ."

"ನಿನಗೆ ಹೇಗೆ ಗೊತ್ತು?"

"ನನ್ನ ತಾಯಿ ತಾರಸಿಯ ಮೇಲೆ ಬಟ್ಟೆ ಒಣಗಲು ಹಾಕಿದ್ದರು. ಒಂದೂ ಅಲುಗಲಿಲ್ಲ. ಆದರೂ ಸಂಜೆಗೆ ಬೂದಿ ಬಣ್ಣಕ್ಕೆ ತಿರುಗಿದ್ದವು. ಎಲ್ಲ ಎರಡನೇ ಸಲ ಒಗೆದರು."

ಕುಲಕರ್ಣಿಯವರಿಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. "ನಿನ್ನ ತಾಯಿಯ ಬಟ್ಟೆಯನ್ನು ನಾನು ವರದಿಯಲ್ಲಿ ಹಾಕಲಿಕ್ಕೆ ಆಗುತ್ತದಾ?"

"ಬೇಡ ಸರ್. ನಂಬರು ಹಾಕಿದರೆ ಸಾಕು."

ಅವರು ನನ್ನ ಮುಖ ನೋಡಿದರು. ಹಾಳೆಯನ್ನು ತೆಗೆದುಕೊಂಡು ಹೋದರು. ಮಧ್ಯಾಹ್ನ ಅದು ಹಿಂದೆ ಬಂದಾಗ ಗೆರೆ ಎಳೆದಿದ್ದ ಅಂಕಿಗಳ ಪಕ್ಕದಲ್ಲಿ ಅವರ ಕೈಬರಹದಲ್ಲಿ 'ಇರಲಿ' ಎಂದು ಇತ್ತು. ಆ ಕಂಪನಿ ಮುಂದಿನ ವರ್ಷ ಬೇರೆ ಲ್ಯಾಬಿಗೆ ಹೋಯಿತು. ಆದರೆ ಅದಕ್ಕೆ ಮೊದಲು ಕಲ್ಲಿನ ರಾಶಿಗಳ ಮೇಲೆ ನೀರು ಚಿಮುಕಿಸಬೇಕೆಂಬ ಆದೇಶ ಹೊರಬಿದ್ದಿತ್ತು.

ಆ 'ಇರಲಿ' ಬಂದ ಮರುದಿನ ಬೆಳಿಗ್ಗೆ ನಾನು ತೂಕದ ಕೋಣೆಯ ಬಾಗಿಲು ತಳ್ಳಿದೆ. ಜುವೈನಾ ಆಗಲೇ ಬಂದು ನನ್ನ ಕುರ್ಚಿಯಲ್ಲಿ ಕುಳಿತು ಒಂದು ಕಾಗದವನ್ನು ತಕ್ಕಡಿಗೆ ಏರಿಸಿದ್ದಳು. ಆ ತಕ್ಕಡಿ ಎಷ್ಟು ಸೂಕ್ಷ್ಮವೆಂದರೆ ಯಾರಾದರೂ ಬಾಗಿಲು ತೆರೆದ ಗಾಳಿಗೇ ಅಂಕಿ ಕದಲಿಬಿಡುತ್ತದೆ. ಬೇರೆ ದಿನವಾದರೆ ನನ್ನನ್ನು ಕಂಡ ಕೂಡಲೇ ದಡಬಡಿಸಿ ಏಳುತ್ತಿದ್ದವಳು ಆ ದಿನ ಏಳಲಿಲ್ಲ. ತಿರುಗಿಯೂ ನೋಡಲಿಲ್ಲ. ಕಣ್ಣು ಅಂಕಿಯ ಮೇಲೆ ಇಟ್ಟುಕೊಂಡೇ ಒಂದು ಕೈ ಎತ್ತಿ ನನ್ನನ್ನು ತಡೆದಳು.

"ಬಾಗಿಲು, ಮಿಸಿಸ್ ಲಿಲ್ಲಿ."

ನಾನು ಹೊರಗೆ ನಿಂತು ಬಾಗಿಲನ್ನು ಸದ್ದಾಗದಂತೆ ಮುಚ್ಚಿದೆ.